ಕಾಳಿನ ಡಬ್ಬಕ್ಕೆ ವಿಷದ ಮಾತ್ರೆ ಬೇಡ

ಮಾನ್ಯರೇ,

ಮಂಡ್ಯದ ನಮ್ಮ ಬೀದಿಯಲ್ಲಿ ಈಗ ಕಾಳಿನ ಡಬ್ಬಕ್ಕೆ ಹುಳದ ಮಾತ್ರೆ ಹಾಕುವುದು ಜಾಸ್ತಿಯಾಗಿದೆ. ಅದು ಗೋದಾಮಿಗೆಂದು ಮಾಡಿದ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಮಕ್ಕಳು ಮಲಗುವ ಮನೆಯಲ್ಲಿ ಇಡುವ ವಸ್ತುವೇ ಇದು?

ನಮ್ಮತ್ತೆ ತೊಗರಿಬೇಳೆಗೆ ಹರಳೆಣ್ಣೆ ಬಿಟ್ಟು ಬೇರೇನೂ ಹಾಕಿದವರಲ್ಲ. ನಾನೂ ಅಷ್ಟೇ. ಬೇಳೆಯನ್ನು ಚೆನ್ನಾಗಿ ಬಿಸಿಲಿಗೆ ಹರಡಿ, ಪೂರ್ತಿ ಆರಲು ಬಿಡಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಆಮೇಲೆ ಮುಗ್ಗುತ್ತದೆ. ಕೆಜಿಗೆ ಒಂದು ಚಮಚ ಎಣ್ಣೆ ಅಂಗೈಗೆ ಸವರಿಕೊಂಡು, ಒಂದೊಂದು ಬೇಳೆಯೂ ಮಿನುಗುವಂತೆ ಉಜ್ಜಬೇಕು. ಎಣ್ಣೆ ಹತ್ತಿದ ಕಾಳಿನ ಮೇಲೆ ಹುಳದ ಮೊಟ್ಟೆ ಬಲಿಯುವುದು ಕಷ್ಟ. ಬೇಯಿಸುವ ಮುಂಚೆ ಬೆಚ್ಚಗಿನ ನೀರಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ. ಅಕ್ಕಿಗೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕುತ್ತೇನೆ. ರಾಗಿಗಂತೂ ಇಷ್ಟೂ ಬೇಡ. ನಮ್ಮ ಕಡೆ ಹಿಂದೆ ನೆಲದಡಿ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಅಲ್ವಾ?

ಅಂಗಡಿಗಳಲ್ಲಿ ಈ ಮಾತ್ರೆಯನ್ನು ಬಿಡಿಯಾಗಿ ಮಾರುವುದನ್ನು ಕೃಷಿ ಇಲಾಖೆ ತಡೆಯಬೇಕು. ಇದರ ಅಪಾಯದ ಬಗ್ಗೆ ನಿಮ್ಮ ಪತ್ರಿಕೆಯೂ ದಯವಿಟ್ಟು ಬರೆಯಲಿ.

– ಒಬ್ಬ ಗೃಹಿಣಿ, ಮಂಡ್ಯ