‘ಆಲ್ವೇಸ್’ ಎಲ್ಲಿ ಕೂರಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ‘ಅಡ್ವರ್ಬ್ (ಕ್ರಿಯಾವಿಶೇಷಣ) ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಬರುತ್ತದೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಲಾಗಿದೆ. ಈ ಸಾಲನ್ನೇ ನಂಬಿ ಬರೆದರೆ ‘ಶೀ ಆಲ್ವೇಸ್ ಈಸ್ ಲೇಟ್’, ‘ಐ ನೆವರ್ ಹ್ಯಾವ್ ಸೀನ್ ಇಟ್’, ‘ಹೀ ವೆಲ್ ರೈಟ್ಸ್’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಮೊದಲೆರಡು ಒತ್ತಿ ಹೇಳುವಾಗ ಮಾತ್ರ ನಡೆಯುತ್ತವೆ, ಮೂರನೆಯದು ಎಂದೂ ನಡೆಯುವುದಿಲ್ಲ. ಸೂತ್ರ ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ ನಿಜ.

ಮೊದಲನೆಯದಾಗಿ, ಎಲ್ಲ ಅಡ್ವರ್ಬುಗಳಿಗೂ ಆ ನಡುಜಾಗದ ಹಕ್ಕಿಲ್ಲ. ಎಷ್ಟು ಸಲ ಎಂದು ತಿಳಿಸುವ ಆಲ್ವೇಸ್, ಯೂಶ್ವಲಿ, ಆಫನ್, ನೆವರ್. ಎಷ್ಟು ಖಚಿತ ಎಂದು ತಿಳಿಸುವ ಪ್ರಾಬಬ್ಲಿ, ಸರ್ಟನ್ಲಿ. ಜತೆಗೆ ಆಲ್ಸೋ, ಓನ್ಲಿ, ಈವನ್, ಆಲ್ಮೋಸ್ಟ್, ಸ್ಟಿಲ್, ಆಲ್ರೆಡಿ ಇಂಥವು ಅಲ್ಲಿನ ಕಾಯಂ ನಿವಾಸಿಗಳು. ವೆಲ್, ಹಾರ್ಡ್, ಫಾಸ್ಟ್, ಯೆಸ್ಟರ್ಡೇ, ಹಿಯರ್ ಇವುಗಳ ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ. ಅಲ್ಲಿ ಹಲವು ಒಟ್ಟಿಗೆ ಬಂದರೆ ಹೇಗೆ, ಎಲ್ಲಿ, ಯಾವಾಗ ಎಂಬ ಸರದಿಯಲ್ಲಿ ನಿಲ್ಲುತ್ತವೆ. ಇದರಲ್ಲಿ ತೊಡಕೇನೂ ಇಲ್ಲ.

ತೊಡಕಿರುವುದು ನಡುಜಾಗದಲ್ಲೇ. (ಕನ್ನಡದಲ್ಲಿ ‘ಮುಂದೆ’, ‘ಹಿಂದೆ’ ಎಂದರೆ ಪದಗಳ ಸಾಲಿನಲ್ಲಿ ಯಾವ ಕಡೆ ಎಂದು ಜಗಳವೇ ಆಗಿಬಿಡುತ್ತದೆ. ಹಾಗಾಗಿ ಎಡ, ಬಲ ಎನ್ನುತ್ತೇನೆ.) ವಾಕ್ಯದಲ್ಲಿ ಹೆಲ್ಪಿಂಗ್ ವರ್ಬ್, ಅಂದರೆ ಹ್ಯಾವ್, ವಿಲ್, ಮಸ್ಟ್‌ನಂಥ ಸಹಾಯಕ ಕ್ರಿಯಾಪದ, ಇದೆಯೇ ನೋಡಿ. ಇದ್ದರೆ ಅಡ್ವರ್ಬ್ ಮೊದಲ ಹೆಲ್ಪಿಂಗ್ ವರ್ಬಿನ ಬಲಕ್ಕೆ ಬರುತ್ತದೆ: ‘ಐ ಹ್ಯಾವ್ ನೆವರ್ ಸೀನ್ ಇಟ್’, ‘ಶೀ ವಿಲ್ ಪ್ರಾಬಬ್ಲಿ ಹ್ಯಾವ್ ಬೀನ್ ಟೋಲ್ಡ್’. ಇಲ್ಲದಿದ್ದರೆ ಮುಖ್ಯ ಕ್ರಿಯಾಪದದ ಎಡಕ್ಕೆ: ‘ಶೀ ಆಫನ್ ರೀಡ್ಸ್ ನಾವೆಲ್ಸ್’. ‘ಬೀ’ ಕ್ರಿಯಾಪದದ ರೂಪಗಳಾದ ಆ್ಯಮ್, ಈಸ್, ಆರ್, ವಾಸ್, ವರ್ ಒಂಟಿಯಾಗಿ ಬಂದರೂ ಹೆಲ್ಪಿಂಗ್ ವರ್ಬಿನಂತೆಯೇ ನಡೆದುಕೊಳ್ಳುತ್ತವೆ. ‘ಶೀ ಈಸ್ ಆಲ್ವೇಸ್ ಲೇಟ್’ ಆಗುವುದು ಅದಕ್ಕೇ.

ಯಾವುದು ಹೆಲ್ಪಿಂಗ್ ವರ್ಬ್ ಎಂಬ ಅನುಮಾನ ಬಂದರೆ ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸಿ ನೋಡಬೇಕು. ಕರ್ತೃವನ್ನು ದಾಟಿ ಎಡಕ್ಕೆ ಹಾರುವ ಪದವೇ ಅದು. ‘ಮಸ್ಟ್ ಯೂ ಚೆಕ್?’ ಎನ್ನುವಾಗ ಮಸ್ಟ್ ಹಾರಿತು, ಆದ್ದರಿಂದ ‘ಯೂ ಮಸ್ಟ್ ಆಲ್ವೇಸ್ ಚೆಕ್’. ‘ಹ್ಯಾವ್ ಟು’ ಇದ್ದಾಗ ಪ್ರಶ್ನೆ ‘ಡೂ ಯೂ ಹ್ಯಾವ್ ಟು ಚೆಕ್?’ ಎಂದಾಗುತ್ತದೆ, ಹ್ಯಾವ್ ಕದಲುವುದಿಲ್ಲ. ಆದ್ದರಿಂದ ‘ಯೂ ಆಲ್ವೇಸ್ ಹ್ಯಾವ್ ಟು ಚೆಕ್’. ಎರಡೂ ವಾಕ್ಯಗಳ ಅರ್ಥ ಹೆಚ್ಚುಕಡಿಮೆ ಒಂದೇ, ಅಡ್ವರ್ಬಿನ ಜಾಗ ಮಾತ್ರ ಬೇರೆ. ಪ್ರಶ್ನೆಯಲ್ಲಿ ಹೆಲ್ಪಿಂಗ್ ವರ್ಬ್ ಹಾರಿದಾಗ ಅಡ್ವರ್ಬ್ ಅದರ ಜತೆ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ: ‘ಈಸ್ ಶೀ ಆಲ್ವೇಸ್ ಲೇಟ್?’ ‘ಆಲ್ವೇಸ್ ಈಸ್ ಶೀ ಲೇಟ್?’ ಎಂದರೆ ತಪ್ಪು.

ಹೆಲ್ಪಿಂಗ್ ವರ್ಬುಗಳು ಎರಡು ಮೂರು ಇದ್ದಾಗ ಇನ್ನೊಂದು ಸೂಕ್ಷ್ಮವಿದೆ. ‘ಹೇಗೆ’ ಎಂದು ತಿಳಿಸುವ ಅಡ್ವರ್ಬ್ ಮೊದಲನೆಯದರ ಬಳಿ ನಿಲ್ಲದೆ ಮುಖ್ಯ ಕ್ರಿಯಾಪದಕ್ಕೆ ತಾಗಿ ನಿಲ್ಲಲು ಬಯಸುತ್ತದೆ. ‘ದ ಲೆಟರ್ ಹ್ಯಾಸ್ ಬೀನ್ ಕೇರ್‌ಫುಲಿ ರಿಟನ್’ ಎಂದರೆ ಸಹಜ. ಕೇರ್‌ಫುಲಿಯನ್ನು ಹ್ಯಾಸ್ ಪಕ್ಕಕ್ಕೆ ಎಳೆದರೆ ಕಿವಿಗೆ ಒರಟು.

ಹಾಗಾದರೆ ‘ಐ ಆಲ್ವೇಸ್ ಹ್ಯಾವ್’ ಎಂದು ಕೇಳಿಬರುವುದೇಕೆ? ಚುಟುಕು ಉತ್ತರದಲ್ಲಿ ಮುಖ್ಯ ಕ್ರಿಯಾಪದ ಮರೆಯಾಗಿ ಹೆಲ್ಪಿಂಗ್ ವರ್ಬ್ ಕೊನೆಯಲ್ಲಿ ಒಂಟಿಯಾಗಿ ಉಳಿದಾಗ ಅಡ್ವರ್ಬ್ ಅದರ ಎಡಕ್ಕೆ ಸರಿಯುತ್ತದೆ. ‘ಆರ್ ಯೂ ಬಿಸಿ?’ ಎಂದು ಕೇಳಿದರೆ ‘ಐ ಯೂಶ್ವಲಿ ಆ್ಯಮ್’ ಎನ್ನುತ್ತಾರೆ, ‘ಐ ಆ್ಯಮ್ ಯೂಶ್ವಲಿ’ ಎನ್ನುವುದಿಲ್ಲ. ಹೆಲ್ಪಿಂಗ್ ವರ್ಬಿನ ಮೇಲೆ ಒತ್ತು ಹಾಕಿದಾಗಲೂ ಹೀಗೆಯೇ: ‘ಐ ರಿಯಲಿ ಆ್ಯಮ್ ಸಾರಿ’.

ಇದೆಲ್ಲ ಯಾರೋ ಕೂತು ಬರೆದ ಕಟ್ಟಳೆಯಲ್ಲ. ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ‘ಐ ನೋ ನಾಟ್’ ಎನ್ನಬಹುದಿತ್ತು. ಅಂದರೆ ಮುಖ್ಯ ಕ್ರಿಯಾಪದವೂ ನಾಟ್ ಅನ್ನು ದಾಟಿ ಎಡಕ್ಕೆ ಬರುತ್ತಿತ್ತು. ಮುಂದೆ ಆ ಕೆಲಸವನ್ನು ‘ಡೂ’ ವಹಿಸಿಕೊಂಡಿತು, ಮುಖ್ಯ ಕ್ರಿಯಾಪದ ತನ್ನ ಜಾಗದಲ್ಲೇ ಉಳಿಯಿತು. ಹಳೆಯ ಅಭ್ಯಾಸವನ್ನು ಬಿಡದಿದ್ದದ್ದು ಬೀ ಮತ್ತು ಹೆಲ್ಪಿಂಗ್ ವರ್ಬುಗಳು. ಫ್ರೆಂಚಿನಲ್ಲಿ ಇಂದಿಗೂ ಮುಖ್ಯ ಕ್ರಿಯಾಪದ ಅಡ್ವರ್ಬನ್ನು ದಾಟುತ್ತದೆ. ‘ಅವಳು ಓದುತ್ತಾಳೆ ಆಗಾಗ ಕಾದಂಬರಿ’ ಎಂಬ ಸಾಲೇ ಅಲ್ಲಿ ಸರಿಯಾದ ಸಾಲು.

ಇಂಗ್ಲಿಷಿನಲ್ಲಿ ಅದು ಸಲ್ಲದು. ‘ಶೀ ರೀಡ್ಸ್ ಆಫನ್ ನಾವೆಲ್ಸ್’, ‘ಹೀ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂಬ ತಪ್ಪುಗಳ ಬೇರು ನಮ್ಮ ಭಾಷೆಯಲ್ಲೂ ಇದೆ. ‘ಅವಳು ಆಗಾಗ ಕಾದಂಬರಿ ಓದುತ್ತಾಳೆ’, ‘ಅವಳು ಕಾದಂಬರಿ ಆಗಾಗ ಓದುತ್ತಾಳೆ’ ಎರಡೂ ನಮಗೆ ಸರಿ. ಕರ್ಮದ ಅಕ್ಕಪಕ್ಕ ಅಡ್ವರ್ಬ್ ಎಲ್ಲಿ ಬೇಕಾದರೂ ತಿರುಗಾಡಬಹುದು. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಸೂಜಿ ತೂರಿಸುವಷ್ಟೂ ಸಂದಿಲ್ಲ. ಕರ್ಮ ಒಂದು ಉಪವಾಕ್ಯದಷ್ಟು ಉದ್ದವಿದ್ದಾಗ ಮಾತ್ರ ವಿನಾಯಿತಿ: ‘ಹೀ ಎಕ್ಸ್‌ಪ್ಲೇನ್ಡ್ ಬ್ರೀಫ್ಲಿ ವೈ ದ ಪ್ಲ್ಯಾನ್ ಹ್ಯಾಡ್ ಫೇಲ್ಡ್’.

ನಿಮ್ಮ ಅಂಕಣ ಮುಟ್ಟದೇ ಬಿಟ್ಟ ದೊಡ್ಡ ವಿಷಯ ನಿಷೇಧ. ‘ಐ ಡೋಂಟ್ ರಿಯಲಿ ನೋ’ ಎಂದರೆ ‘ಅಷ್ಟಾಗಿ ಗೊತ್ತಿಲ್ಲ’. ‘ಐ ರಿಯಲಿ ಡೋಂಟ್ ನೋ’ ಎಂದರೆ ‘ನಿಜವಾಗಿಯೂ ಗೊತ್ತಿಲ್ಲ’. ಡೋಂಟ್‌ನ ಬಲಕ್ಕೆ ಬಿದ್ದ ಅಡ್ವರ್ಬನ್ನು ನಿಷೇಧ ನುಂಗುತ್ತದೆ, ಎಡಕ್ಕಿದ್ದದ್ದು ಪಾರಾಗುತ್ತದೆ. ಪ್ರಾಬಬ್ಲಿ ಮತ್ತು ಸ್ಟಿಲ್ ಇಂಥಲ್ಲಿ ಎಡಕ್ಕೇ ಇರಬೇಕು: ‘ಹೀ ಪ್ರಾಬಬ್ಲಿ ವೋಂಟ್ ಕಮ್’, ‘ಹೀ ಸ್ಟಿಲ್ ಹ್ಯಾಸಂಟ್ ರಿಪ್ಲೈಡ್’. ಆಲ್ವೇಸ್ ಬಲಕ್ಕೆ: ‘ಹೀ ಡಸಂಟ್ ಆಲ್ವೇಸ್ ರಿಪ್ಲೈ’. ಇದನ್ನು ‘ಅವನು ಯಾವಾಗಲೂ ಉತ್ತರಿಸುವುದಿಲ್ಲ’ ಎಂದು ಕನ್ನಡಕ್ಕೆ ತಂದರೆ ಅವನು ಉತ್ತರಿಸುವುದೇ ಇಲ್ಲ ಎಂಬ ಅರ್ಥ ಬಂದುಬಿಡುತ್ತದೆ. ‘ಯಾವಾಗಲೂ ಉತ್ತರಿಸುತ್ತಾನೆ ಎಂದೇನಿಲ್ಲ’ ಎನ್ನಬೇಕು. ಇನ್ನು ನೆವರ್. ಕನ್ನಡದ ‘ಎಂದೂ’ ತನ್ನ ಜತೆಗೆ ‘ಇಲ್ಲ’ವನ್ನೂ ಕೇಳುತ್ತದೆ, ‘ಎಂದೂ ನೋಡಿಲ್ಲ’ ಎನ್ನುತ್ತೇವೆ. ನೆವರ್ ಒಳಗೆ ‘ಇಲ್ಲ’ ಆಗಲೇ ಸೇರಿಕೊಂಡಿದೆ. ‘ಐ ಹ್ಯಾವಂಟ್ ನೆವರ್ ಸೀನ್’ ಎಂಬ ತಪ್ಪು ಬರುವುದು ಈ ಲೆಕ್ಕ ಎರಡು ಸಲ ಜಮೆಯಾದಾಗ.

ಜಾಗ ಬದಲಾದರೆ ಅರ್ಥವೇ ಬದಲಾಗುವ ಅಡ್ವರ್ಬುಗಳಿಗೆ ಒಂದು ಪ್ರತ್ಯೇಕ ಪಾಠವೇ ಬೇಕು. ‘ಹೀ ಫೂಲಿಷ್ಲಿ ಸ್ಪೋಕ್’ ಎಂದರೆ ಅವನು ಬಾಯಿಬಿಟ್ಟದ್ದೇ ಮೂರ್ಖತನ, ಆಡಿದ ಮಾತು ಜಾಣತನದ್ದೇ ಇರಬಹುದು. ‘ಹೀ ಸ್ಪೋಕ್ ಫೂಲಿಷ್ಲಿ’ ಎಂದರೆ ಅವನು ಮಾತಾಡಿದ ರೀತಿ ಮೂರ್ಖತನದ್ದು. ‘ಹೀ ಕಂಪ್ಲೀಟ್ಲಿ ಫೇಲ್ಡ್ ಟು ಅಂಡರ್‌ಸ್ಟ್ಯಾಂಡ್’ ಎಂದರೆ ಏನೂ ಅರ್ಥವಾಗಲಿಲ್ಲ. ‘ಹೀ ಫೇಲ್ಡ್ ಟು ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್’ ಎಂದರೆ ಪೂರ್ತಿಯಾಗಿ ಅರ್ಥವಾಗಲಿಲ್ಲ, ಒಂದಿಷ್ಟು ಆಯಿತು. ‘ಟು’ ಮತ್ತು ಕ್ರಿಯಾಪದದ ನಡುವೆ ಏನೂ ಬರಬಾರದು ಎಂದು ಹಟ ಹಿಡಿಯುವವರು ಈ ವ್ಯತ್ಯಾಸವನ್ನು ಬೇರೆ ಹೇಗೆ ಇಷ್ಟು ಚಿಕ್ಕದಾಗಿ ಹೇಳುತ್ತಾರೋ ನೋಡಬೇಕು.

ಓನ್ಲಿಯ ಕತೆ ಇನ್ನೂ ತಮಾಷೆ. ಕನ್ನಡದ ‘ಮಾತ್ರ’, ‘ಏ’, ‘ಊ’ ತಾವು ಸೇರಿದ ಪದಕ್ಕೇ ಅಂಟಿಕೊಳ್ಳುತ್ತವೆ: ಕಾರ್ಯದರ್ಶಿ ಮಾತ್ರ, ಪತ್ರಕ್ಕೆ ಮಾತ್ರ. ಅದೂ ಪದದ ಬಲಕ್ಕೆ. ಓನ್ಲಿ ಹಾಗಲ್ಲ. ‘ದ ಸೆಕ್ರೆಟರಿ ಓನ್ಲಿ ಸೈನ್ಡ್ ದ ಲೆಟರ್’ ಎಂದು ಬರೆದವರ ಮನಸ್ಸಿನಲ್ಲಿ ‘ಕಾರ್ಯದರ್ಶಿಯೇ ಸಹಿ ಹಾಕಿದ್ದು’ ಎಂದಿರುತ್ತದೆ. ಇಂಗ್ಲಿಷ್ ಓದುಗರಿಗೆ ಅದು ‘ಪತ್ರಕ್ಕೆ ಮಾತ್ರ ಸಹಿ ಹಾಕಿದರು’ ಅಥವಾ ‘ಬರೀ ಸಹಿ ಹಾಕಿದರು, ಬರೆದದ್ದು ಬೇರೆಯವರು’ ಎಂದು ಕೇಳುತ್ತದೆ. ಮಾತಿನಲ್ಲಾದರೆ ದನಿಯ ಒತ್ತು ಗೊಂದಲ ಬಿಡಿಸುತ್ತದೆ, ಆದ್ದರಿಂದ ಮಾತಿನಲ್ಲಿ ಓನ್ಲಿ ನಡುಜಾಗದಲ್ಲಿದ್ದರೆ ಅದನ್ನು ತಿದ್ದಲು ಹೋಗಬೇಕಿಲ್ಲ. ಕರಾರು, ಅರ್ಜಿ, ಸೂಚನೆಗಳಲ್ಲಿ ಮಾತ್ರ ಅದು ಯಾವ ಪದವನ್ನು ಹಿಡಿಯಬೇಕೋ ಅದರ ಎಡಕ್ಕೇ ಕೂರಿಸುವುದು ಲೇಸು: ‘ಓನ್ಲಿ ದ ಸೆಕ್ರೆಟರಿ ಸೈನ್ಡ್’ ಅಥವಾ ‘ಸೈನ್ಡ್ ಓನ್ಲಿ ದ ಲೆಟರ್’. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಸಂದಿಲ್ಲ ಎಂದು ಮೇಲೆ ಹೇಳಿದ್ದು ಇದಕ್ಕೆ ಅನ್ವಯಿಸದು. ಇಲ್ಲಿ ಓನ್ಲಿ ಕರ್ಮದ ಭಾಗವೇ ಆಗಿಬಿಟ್ಟಿದೆ.

ಅಲ್ಪವಿರಾಮದ ಬಗ್ಗೆಯೂ ಒಂದು ಮಾತು. ನಡುಜಾಗದ ಆಫನ್, ಆಲ್ಸೋ, ಪ್ರಾಬಬ್ಲಿ ಇವುಗಳ ಎರಡು ಬದಿಗೂ ಅಲ್ಪವಿರಾಮ ಹಾಕುವ ಚಾಳಿ ಅಚ್ಚಿನಲ್ಲೂ ಕಾಣುತ್ತದೆ. ಬೇಕಿಲ್ಲ. ಅದು ಬೇಕಾದದ್ದು ಹೌಎವರ್‌ನಂಥ ಪದಗಳಿಗೆ.

ಕೊನೆಯದಾಗಿ ಅಂಕಣದ ಅಭ್ಯಾಸಪಾಠ. ಅಲ್ಲಿ ಕೊಟ್ಟಿರುವ ಹತ್ತೂ ವಾಕ್ಯಗಳಲ್ಲಿ ಒಂದೇ ಒಂದು ಕ್ರಿಯಾಪದ, ಅದೂ ವರ್ತಮಾನ ಕಾಲದಲ್ಲಿ. ಸೂತ್ರ ಮುರಿದುಬೀಳುವ ಜಾಗವೇ ಅದರಲ್ಲಿಲ್ಲ, ಹಾಗಾಗಿ ಹತ್ತಕ್ಕೆ ಹತ್ತು ಅಂಕ ಬರುತ್ತದೆ. ಮುಂದಿನ ಕಂತಿನಲ್ಲಿ ಬೀ ಇರುವ ಮೂರು, ಎರಡು ಹೆಲ್ಪಿಂಗ್ ವರ್ಬಿನ ಮೂರು, ನಿಷೇಧದ ಎರಡು, ಪ್ರಶ್ನೆಯ ಎರಡು ವಾಕ್ಯಗಳನ್ನು ಕೊಟ್ಟು ನೋಡಿ ಎಂದು ಅಂಕಣಕಾರರಲ್ಲಿ ವಿನಂತಿ.

ಇಂತಿ,
ಇಂಗ್ಲಿಷ್ ವ್ಯಾಕರಣದ ಮೇಷ್ಟ್ರು