ತಾರಸಿ ಕೆಲಸದಲ್ಲಿ ಬದಲಾವಣೆ: ನಮ್ಮಿಂದ ಮನೆ ಕಟ್ಟಿಸಿದವರಿಗೆ, ಕಟ್ಟಿಸುತ್ತಿರುವವರಿಗೆ

ಮಾನ್ಯರೇ, ನಮಸ್ಕಾರ.

ಈ ಯುಗಾದಿಯಿಂದ ನಮ್ಮ ಸಂಘ ಆರ್‌ಸಿಸಿ (ಕಾಂಕ್ರೀಟ್ ಚಾವಣಿ) ಕೆಳಗೆ ಥರ್ಮಾಕೋಲ್ ಕೂರಿಸಿ ಪಿಒಪಿ ಸೀಲಿಂಗ್ ಮುಚ್ಚುವ ಕೆಲಸ ಒಪ್ಪಿಕೊಳ್ಳುವುದಿಲ್ಲ. ಬಿಸಿಲು ತಡೆಯುವ ಹಾಸನ್ನು ಇನ್ನು ಮುಂದೆ ತಾರಸಿಯ ಮೇಲೆಯೇ ಹಾಕುತ್ತೇವೆ. ಚದರದ ದರ ಇದರಿಂದ ಹೆಚ್ಚಾಗುತ್ತದೆ. ಯಾಕೆ ಎಂದು ವಿವರವಾಗಿ ಹೇಳುವುದು ನಮ್ಮ ಕರ್ತವ್ಯ.

ಹೋದ ಬೇಸಿಗೆಯಲ್ಲಿ ತುರುವನೂರು ರಸ್ತೆಯ ಕಡೆ ನಾವೇ ಕಟ್ಟಿದ ಮನೆಯೊಂದಕ್ಕೆ ರಾತ್ರಿ ಒಂಬತ್ತರ ಹೊತ್ತಿಗೆ ಹೋಗಿದ್ದೆವು. ಮನೆಯ ಅಜ್ಜಿ ಚಾಪೆ ಸುತ್ತಿಕೊಂಡು ಮಹಡಿ ಹತ್ತುತ್ತಿದ್ದರು. "ಮೇಲೆ ಗಾಳಿ ತಣ್ಣಗೈತಪ್ಪ, ಒಳಗೆ ಮಲಗಾಕೆ ಆಗಂಗಿಲ್ಲ" ಎಂದರು. ಸೀಲಿಂಗಿನ ಅಂಚಿನ ಗೋಡೆಗೆ ನಮ್ಮ ಮೇಸ್ತ್ರಿ ಅಂಗೈ ಇಟ್ಟು ನೋಡಿದರು, ಇನ್ನೂ ಬಿಸಿ ಇತ್ತು. ದುಡ್ಡು ತೆಗೆದುಕೊಂಡು ನಾವು ಹಾಕಿದ ಥರ್ಮಾಕೋಲ್ ಅಲ್ಲೇ, ಅದರ ಪಕ್ಕದಲ್ಲೇ ಇತ್ತು.

ತಪ್ಪು ಸಾಮಾನಿನದಲ್ಲ, ನಾವು ಅದನ್ನಿಟ್ಟ ಜಾಗದ್ದು. ಕೆಳಗೆ ಥರ್ಮಾಕೋಲ್ ಇದ್ದರೆ ಕೋಣೆಗೆ ನೇರವಾಗಿ ಇಳಿಯುವ ಶಾಖ ಕಡಿಮೆಯಾಗುತ್ತದೆ, ನಿಜ. ಆದರೆ ಆರ್‌ಸಿಸಿ ಹಗಲೆಲ್ಲ ಬಿಸಿಲಿಗೆ ಮೈಯೊಡ್ಡಿಯೇ ಇರುತ್ತದೆ. ಕುಡಿದ ಶಾಖವನ್ನು ಬೀಮು, ಗೋಡೆಗಳ ಮೂಲಕ ಸಂಜೆಯ ಮೇಲೆ ಒಳಗೆ ಬಿಡುತ್ತದೆ. ದಿನವೂ ಹಿಗ್ಗಿ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಸೋರಿದರೆ ಪಿಒಪಿ ಕಲೆಯಾಗುವವರೆಗೂ ಗೊತ್ತಾಗುವುದಿಲ್ಲ. ಇನ್ನೊಂದು ನಷ್ಟ ನಮಗೆ ತಡವಾಗಿ ಹೊಳೆಯಿತು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 37-38 ಡಿಗ್ರಿಗೇರಿದ ದಿನವೂ ಬೆಳಗಿನ ಜಾವ 23ರ ಆಸುಪಾಸಿಗೆ ಇಳಿಯುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟರೆ ಆ ತಂಪನ್ನು ಹಿಡಿದಿಟ್ಟುಕೊಂಡು ಮರುದಿನ ಮಧ್ಯಾಹ್ನಕ್ಕೆ ಕೊಡಬಲ್ಲ ದೊಡ್ಡ ವಸ್ತು ಆರ್‌ಸಿಸಿಯೇ. ಅದನ್ನೇ ನಾವು ಕೋಣೆಯಿಂದ ಮರೆಮಾಡಿ ಬಿಟ್ಟಿದ್ದೆವು.

ನಮ್ಮ ಹಳ್ಳಿಗಳ ಮಾಳಿಗೆ ಮನೆಗಳನ್ನು ನೋಡಿ. ತೊಲೆ, ಜಂತೆಗಳ ಮೇಲೆ ದಪ್ಪಗೆ ಕರಲು ಮಣ್ಣು. ಬಿಸಿಲಿಗೆ ತಡೆ ಮೇಲೇ ಇತ್ತು. ಗವಾಕ್ಷಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು. ಅಂಥ ಮನೆಗಳಲ್ಲೇ ಹುಟ್ಟಿ ಬೆಳೆದ ನಮಗೆ ಇದು ಮೊದಲೇ ನೆನಪಾಗಬೇಕಿತ್ತು.

"ಪ್ಯಾಸಿವ್ ಹೌಸ್ ಕಟ್ಟಿಕೊಡ್ತೀರಾ?" ಎಂದು ಈಚೆಗೆ ಹಲವರು ಕೇಳುತ್ತಾರೆ. ಆ ಹೆಸರಿನ ಮೊದಲ ಮನೆಗಳು ಎದ್ದದ್ದು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ, 1991ರ ಹೊತ್ತಿಗೆ. ಮನೆ ಬೆಚ್ಚಗಿಡಲು ಒಂದು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕಾಗಬಾರದು ಎಂಬುದು ಅವರ ಲೆಕ್ಕ. ಅದಕ್ಕಾಗಿ ಬಿರುಕು, ಸಂದಿ ಬಿಡದೆ ಮುಚ್ಚಿ, ಯಂತ್ರದಿಂದ ಗಾಳಿಯಾಡಿಸುತ್ತಾರೆ. ಕೊರೆಯುವ ಚಳಿಯ ಊರಿಗೆ ಅದು ಸರಿ. ಜೋಗಿಮಟ್ಟಿ ಬೆಟ್ಟದ ಗಾಳಿ ಪುಕ್ಕಟೆಯಾಗಿ ಬೀಸುವ ದುರ್ಗದಲ್ಲಿ ಹಾಗೆ ಮುಚ್ಚಿದ ಮನೆಗೆ ನಿಮ್ಮ ಹಣ ಹಾಕಿಸಲು ನಮಗೆ ಮನಸ್ಸಿಲ್ಲ. ಅವರಿಂದ ಒಂದನ್ನು ಮಾತ್ರ ಕಲಿತಿದ್ದೇವೆ: ಚಳ್ಳಕೆರೆಯ ಕಂಬಳಿ ಹೊದ್ದ ಹಾಗೆ, ಮನೆಗೂ ಹೊದಿಕೆ ಹೊರಗಿನಿಂದಲೇ.

ಹೊಸ ಕೆಲಸ ಹೀಗೆ. ಆರ್‌ಸಿಸಿ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್), ನೀರಿಳಿಯುವ ವಾಟ ಕೊಟ್ಟು ಕಾಂಕ್ರೀಟು, ಕೊನೆಗೆ ಬಿಳಿ ಟೈಲ್ಸ್ ಚೂರಿನ ಹಾಸು. ಎಂಜಿನಿಯರ್ ಮಕ್ಕಳಿರುವವರು ಯು-ಮೌಲ್ಯ ಕೇಳುತ್ತಾರೆ, ಅಂದರೆ ತಾರಸಿ ಎಷ್ಟು ಶಾಖ ಒಳಗೆ ಬಿಡುತ್ತದೆ ಎಂಬ ಅಳತೆ; ಕಡಿಮೆಯಿದ್ದಷ್ಟೂ ಒಳ್ಳೆಯದು. ಬರೀ ಆರ್‌ಸಿಸಿಗೆ ಅದು 3ಕ್ಕೂ ಮೇಲೆ, ಈ ಹಾಸಿನೊಂದಿಗೆ ಸುಮಾರು 0.5. ಕೇಂದ್ರದ 2018ರ ಇಕೋ ನಿವಾಸ ಸಂಹಿತೆ ತಾರಸಿಗೆ ಇಟ್ಟ ಮಿತಿ 1.2.

ಉತ್ತರದ ಕಿಟಕಿಗಳಿಗೂ ಇನ್ನು ಸಜ್ಜಾ ಕಡ್ಡಾಯ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿದರೆ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಬಿಸಿಲು ಉತ್ತರದಿಂದಲೇ ಬೀಳುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜು ಬೇಡವೆಂದು ಬೇಡಿಕೊಳ್ಳುತ್ತೇವೆ. ಎಲಿವೇಶನ್‌ಗೆ ಅಂಟಿಸುವ ಕಲ್ಲು, ಗಾಜಿಗೆ ಎತ್ತಿಟ್ಟ ಹಣದಲ್ಲಿ ತಾರಸಿಯ ಹೆಚ್ಚಿನ ಖರ್ಚಿನ ಬಹುಪಾಲು ಹೊಂದಿಸಬಹುದು. ನಿಮ್ಮ ಮನೆಯ ಲೆಕ್ಕ ಜೊತೆಗಿನ ಹಾಳೆಯಲ್ಲಿದೆ.

ಈಗಾಗಲೇ ನಮ್ಮಿಂದ ಕೆಳಗೆ ಥರ್ಮಾಕೋಲ್ ಹಾಕಿಸಿಕೊಂಡವರಿಗೆ ಮೇಲಿನ ಹಾಸನ್ನು ಕೂಲಿ ತೆಗೆದುಕೊಳ್ಳದೆ ಹಾಕಿಕೊಡುತ್ತೇವೆ. ಸಾಮಾನಿನ ಹಣ ಮಾತ್ರ ನಿಮ್ಮದು. ಆ ಅಜ್ಜಿಯ ಮನೆಯಿಂದಲೇ ಶುರು. ಸದ್ಯಕ್ಕೆ ಅಷ್ಟೂ ಕೈಲಾಗದವರು ಶಿವರಾತ್ರಿ ಕಳೆದ ಮೇಲೆ ತಾರಸಿಗೆ ದಪ್ಪ ಸುಣ್ಣ ಎರಡು ಸಲ ಬಳಿಸಿ. ವರ್ಷ ವರ್ಷವೂ ಬಳಿಸಬೇಕಾಗುತ್ತದೆ, ಆದರೆ ಅದಕ್ಕಿಂತ ಅಗ್ಗದ ಉಪಾಯ ನಮಗೆ ಗೊತ್ತಿಲ್ಲ.

ಕರಾರು ಆಗಿ ಇನ್ನೂ ಆರ್‌ಸಿಸಿ ಹಾಕದವರು ಸೆಂಟ್ರಿಂಗ್ ಹೊಡೆಯುವ ಮೊದಲು ಕಚೇರಿಗೆ ಬನ್ನಿ. ಸಿಂಟೆಕ್ಸ್, ಸೋಲಾರ್ ಕೂರುವ ಜಾಗವನ್ನು ಆಗಲೇ ಗುರುತಿಸಿ ಕಟ್ಟೆ ಕಟ್ಟಬೇಕು. ಹಾಸು ಹಾಕಿದ ಮೇಲೆ ತಾರಸಿಗೆ ಡ್ರಿಲ್ ಹಾಕುವಂತಿಲ್ಲ. ಹಳೆ ಮನೆಯವರು ಹೆಸರು ಕೊಟ್ಟರೆ ಮುಂಗಾರಿಗೆ ಮುಂಚೆ ಸರದಿಯಂತೆ ಬರುತ್ತೇವೆ.

ಇಂತಿ,
ಕಾರ್ಯದರ್ಶಿ ಮತ್ತು ಎಲ್ಲ ಮೇಸ್ತ್ರಿಗಳ ಪರವಾಗಿ
ಗಾರೆ ಕೆಲಸಗಾರರ ಸಹಕಾರ ಸಂಘ, ಚಿತ್ರದುರ್ಗ