ಸರ್ಟಿಫಿಕೇಟ್ ಬಂತು, ಹದ ಇನ್ನೂ ಬರಬೇಕು

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ ತರಬೇತಿ ಮುಗಿಸಿ ನೀನು ಸರ್ಟಿಫಿಕೇಟ್ ಹಿಡಿದು ನಿಂತ ಫೋಟೋವನ್ನು ಅಕ್ಕ ಕಳಿಸಿದಳು. ತುಂಬಾ ಸಂತೋಷವಾಯಿತು. ಕುಲುಮೆ ಕೆಲಸಕ್ಕೆ ಸರ್ಕಾರದ ಕಾಗದ ಅಂತ ನಮ್ಮ ಎರಡೂ ಮನೆಯಲ್ಲಿ ಸಿಕ್ಕಿದ್ದು ನಿನಗೇ ಮೊದಲು. ಆದರೆ ಒಂದು ಲಕ್ಷ ಸಾಲ ತೆಗೆದು ಮುಂದಿನ ತಿಂಗಳೇ ಅಂಗಡಿ ಹಾಕುತ್ತೀಯಂತೆ, ಐಟಿಐ ಬೇಡ ಅಂತೀಯಂತೆ. ಅದನ್ನು ಕೇಳಿ ಸುಮ್ನೆ ಇರೋಕೆ ಆಗಲಿಲ್ಲ.

ಯೋಜನೆ ಒಳ್ಳೆಯದೇ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆ ಇದೆ ಅಂತ ಓದಿ ನನಗೂ ಖುಷಿಯಾಗಿತ್ತು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಹತ್ಯಾರಕ್ಕೆ 15,000, ಇವೆಲ್ಲ ನಮ್ಮಪ್ಪನ ಕಾಲಕ್ಕೆ ಯಾರು ಕೊಟ್ಟಿದ್ದರು? ಆದರೆ ಮೊದಲ ತರಬೇತಿ ಐದರಿಂದ ಏಳು ದಿನ ಅಷ್ಟೇ. ಅಷ್ಟರಲ್ಲಿ ಇಕ್ಕಳ ಹಿಡಿಯುವುದು ಬರುತ್ತೆ, ಸುತ್ತಿಗೆ ಬೀಸುವುದು ಬರುತ್ತೆ. ಹದ, ಅಂದರೆ ಉಕ್ಕನ್ನು ಕಾಯಿಸಿ ಅದ್ದಿ ಬೇಕಾದಷ್ಟೇ ಗಟ್ಟಿ ಮಾಡುವ ಅಂದಾಜು, ಅದು ಬರೋದಿಲ್ಲ ಕಣೋ.

ಸಾಲದ ಲೆಕ್ಕವನ್ನೂ ನೋಡು. ಬಡ್ಡಿ ಶೇ. 5, ಕಮ್ಮಿಯೇ. ಆದರೆ ಆ ಒಂದು ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು. ನಿನ್ನ ವಯಸ್ಸಿನಲ್ಲಿ ಆ ಹದಿನೆಂಟು ತಿಂಗಳು ಕಲಿಯುವುದಕ್ಕೆ ಬೇಕು, ಕಂತಿನ ಚಿಂತೆಗಲ್ಲ.

ನನಗೆ ಆದದ್ದನ್ನು ಹೇಳುತ್ತೇನೆ, ಇದನ್ನು ಅಕ್ಕನಿಗೂ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ಮರುವರ್ಷ, ಅಡಿಕೆ ಸುಗ್ಗಿಗೆ ಮುಂಚೆ, ಅಡಿಕೆ ಸುಲಿಯುವ ಇಪ್ಪತ್ತು ಮೆಟ್ಟುಗತ್ತಿಗೆ ಮುಂಗಡ ತಗೊಂಡೆ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು, ಕಾಯಿಸಿ, ಬಡಿದು, ಅಪ್ಪ ಮಾಡುತ್ತಿದ್ದಂತೆಯೇ ಕೆಂಪಗಿದ್ದಾಗ ತಣ್ಣೀರಿಗೆ ಅದ್ದಿದೆ. ಟಿಕ್ ಅಂತ ಸಣ್ಣ ಸದ್ದು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಂದಲ್ಲ, ಹನ್ನೊಂದು ಕತ್ತಿ ಹೋದವು. ಮುಂಗಡ ವಾಪಸ್ ಕೊಟ್ಟೆ, ಆ ಮನೆಗಳವರು ಎರಡು ವರ್ಷ ನನ್ನ ಹತ್ತಿರ ಬರಲೇ ಇಲ್ಲ.

ತಪ್ಪು ಎಲ್ಲಿ ಅಂತ ತಿಳಿಸಿದ್ದು ಐಟಿಐಯಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದ ಒಬ್ಬ ಮೇಷ್ಟ್ರು. ಅಪ್ಪ ಮೆತ್ತನೆ ಕಬ್ಬಿಣದ ಮೈಗೆ ಬಾಯಿಯಲ್ಲಿ ಮಾತ್ರ ಉಕ್ಕು ಕೂರಿಸುತ್ತಿದ್ದರು, ಅದು ತಣ್ಣೀರಿಗೆ ಅದ್ದಿದರೂ ಬಿರುಕು ಬಿಡುತ್ತಿರಲಿಲ್ಲ. ಸ್ಪ್ರಿಂಗ್ ಪಟ್ಟಿ ಹಾಗಲ್ಲ. ಅದರಲ್ಲಿ ಬೇರೆ ಲೋಹಗಳೂ ಸೇರಿರುತ್ತವೆ, ಒಳಗಿನವರೆಗೂ ಗಟ್ಟಿಯಾಗುತ್ತೆ, ನೀರಿಗೆ ಹಾಕಿದರೆ ಸೀಳುತ್ತೆ. ಅದಕ್ಕೆ ಎಣ್ಣೆಯೇ ಬೇಕು, ಅದೂ ಸ್ವಲ್ಪ ಬೆಚ್ಚಗಿರಬೇಕು. ಎಷ್ಟು ಕಾಯಿಸಬೇಕು ಅನ್ನೋದಕ್ಕೂ ಒಂದು ಗುರುತು ಹೇಳಿದರು: ಸುಮಾರು 770 ಡಿಗ್ರಿ ದಾಟಿದ ಮೇಲೆ ಉಕ್ಕನ್ನು ಅಯಸ್ಕಾಂತ ಹಿಡಿಯೋದಿಲ್ಲ, ಅಲ್ಲಿಂದ ಇನ್ನೊಂದು ಚೂರು ಕಾಯಿಸಿ ಅದ್ದು.

ಆದರೆ ಮುಂದಿನ ಕೆಲಸ ಆ ಮೇಷ್ಟ್ರ ಕೈಗೂ ಬರುತ್ತಿರಲಿಲ್ಲ, ಅವರೇ ಹೇಳಿಕೊಂಡರು. ಅದ್ದಿದ ಕತ್ತಿ ಗಾಜಿನ ಹಾಗೆ ಒಡೆಯುತ್ತೆ, ಅಲ್ವಾ? ಒಂದು ಕಡೆ ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಬೇಕು. ಮೊದಲು ಒಣಹುಲ್ಲಿನ ಬಣ್ಣ ಓಡುತ್ತೆ, ಆಮೇಲೆ ಕಂದು, ನೇರಳೆ, ನೀಲಿ. ಕತ್ತಿಯಾದರೆ ಹುಲ್ಲಿನ ಬಣ್ಣ ಕಂದಿಗೆ ತಿರುಗುವಾಗ ನಿಲ್ಲಿಸು. ಕೊಡಲಿಯಾದರೆ ನೇರಳೆ ಬರಲಿ, ಪೆಟ್ಟು ತಿನ್ನಬೇಕಲ್ಲ. ನೀಲಿ ಬಂದರೆ ಸುಮಾರು 300 ಡಿಗ್ರಿ ಆಯ್ತು ಅಂತ, ಕತ್ತಿಯ ಬಾಯಿ ಮೆತ್ತಗಾಯ್ತು ಅಂತಲೇ. ಈ ಬಣ್ಣ ಕಣ್ಣೆದುರಿಗೇ ಓಡಿಹೋಗುತ್ತೆ. ಹಳೇ ಕುಲುಮೆಗಳು ಯಾಕೆ ಅಷ್ಟು ಕತ್ತಲೆ ಅಂತ ನೀನು ಚಿಕ್ಕವನಿದ್ದಾಗ ಕೇಳುತ್ತಿದ್ದೆ. ಬಿಸಿಲಿನಲ್ಲಿ ಕಬ್ಬಿಣದ ಕೆಂಪು ಕಣ್ಣಿಗೆ ಮೋಸ ಮಾಡುತ್ತೆ, ಅದಕ್ಕೇ.

ಅದಕ್ಕೇ ಹೇಳುತ್ತಿದ್ದೇನೆ, ಐಟಿಐ ವೆಲ್ಡರ್ ಕೋರ್ಸ್ ಸೇರು. ಒಂದು ವರ್ಷ. ಲೋಹದ ಗುಣ ಅಲ್ಲಿ ಕಲಿ, ಡ್ರಾಯಿಂಗ್ ಓದುವುದು ಕಲಿ. ಈಗಿನ ಕಾಲದಲ್ಲಿ ವರ್ಷಪೂರ್ತಿ ಹೊಟ್ಟೆ ತುಂಬಿಸೋದು ಗೇಟು, ಶೆಡ್ಡಿನ ಕೆಲಸವೇ. ಭಾನುವಾರ, ರಜೆ ಎಲ್ಲಾ ನನ್ನ ಕುಲುಮೆಗೆ ಬಾ. ಒಂದು ಸುಗ್ಗಿಯ ಕತ್ತಿಗಳಿಗೆ ನೀನೇ ಹದ ಹಾಕು. ಅವು ಹಿಂದಕ್ಕೆ ಬರದಿದ್ದರೆ ಸಾಲದ ಅರ್ಜಿಗೆ ನಾನೇ ನಿನ್ನ ಜೊತೆ ಬ್ಯಾಂಕಿಗೆ ಬರುತ್ತೇನೆ.

ಇನ್ನೊಂದು ಮಾತು, ಬೈದರೂ ಸರಿ. ಫೋಟೋದಲ್ಲಿ ನಿನ್ನ ಕಣ್ಣಿಗೆ ಕನ್ನಡಕ ಇರಲಿಲ್ಲ. ನಲವತ್ತು ವರ್ಷ ಬೆಂಕಿ ನೋಡಿ ನೋಡಿ ನಿನ್ನ ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂತು, ಕೊನೆಗೆ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಕೈಯಿಂದ ತಡವಿ ಹುಡುಕುತ್ತಿದ್ದರು. ಸತುವು ಬಳಿದ ಜಿಐ ಪೈಪನ್ನು ಮುಚ್ಚಿದ ಕೋಣೆಯಲ್ಲಿ ವೆಲ್ಡ್ ಮಾಡಬೇಡ. ಆ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತೆ, ನನಗೆ ಬಂದಿದೆ.

ಈ ಭಾನುವಾರ ಬೆಳಗ್ಗೆ ಬೇಗ ಬಾ. ನೈಲಾನ್ ಬೇಡ, ಹತ್ತಿ ಅಂಗಿ ಹಾಕ್ಕೋ, ಚಪ್ಪಲಿ ಬಿಟ್ಟು ಶೂ ಹಾಕ್ಕೋ. ಇದ್ದಿಲು ತರಿಸಿದ್ದೇನೆ, ಆರು ಸ್ಪ್ರಿಂಗ್ ಪಟ್ಟಿ ಇವೆ. ಅಂದು ಬಿರುಕು ಬಿಟ್ಟ ಹನ್ನೊಂದರಲ್ಲಿ ಒಂದನ್ನು ಎಸೆಯದೆ ಇಟ್ಟಿದ್ದೇನೆ. ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡುವೆಯಂತೆ.

ಅಕ್ಕ, ಭಾವನಿಗೆ ನಮಸ್ಕಾರ ಹೇಳು.

ನಿನ್ನ ಮಾವ